ಟಬ್ಬೋ ಶವರ್ರೋ ಎಂದು ಕೇಳಿದ್ದೀಯ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಚಿನ್ನಿ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಜೊತೆಗಿಟ್ಟಿದ್ದ ಎರಡು ಚಿತ್ರಗಳನ್ನೂ ನೋಡಿದೆ. ಬಿಳಿ ಟಬ್ಬು ಚೆನ್ನಾಗಿದೆ. ಗಾಜಿನ ಗೋಡೆಯ ಶವರೂ ಚೆನ್ನಾಗಿದೆ. ನಿನ್ನ ಯಜಮಾನರಿಗೆ ಶವರ್ ಬೇಕು, ನಿನಗೆ ಟಬ್ಬೇ ಆಗಬೇಕು, ಮಾತಿಗೆ ಮಾತು ಬೆಳೆದು ಒಂದಿಡೀ ದಿನ ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದಿರಿ ಎಂದು ಓದಿ ನಗು ಬಂತು. ತುಂಬ ದಿನದ ಮೇಲೆ ಬಂದ ನಗು ಕಣೇ. ಕೊನೆಗೆ ಅಕ್ಕ ಹೇಳಿದ ಹಾಗೆ ಎಂದು ರಾಜಿಯಾಗಿದ್ದೀರಂತೆ. ಹೋದ ವರ್ಷ ನಾವು ಬಚ್ಚಲುಮನೆ ಒಡೆಸಿ ಟಬ್ ಹಾಕಿಸಿದ್ದು ನಿನಗೆ ನೆನಪಿದೆಯಲ್ಲ, ಅದಕ್ಕೇ ನನ್ನ ಕುತ್ತಿಗೆಗೆ ಕಟ್ಟಿದ್ದೀಯ.

ನಿನಗೆ ಗೊತ್ತಿಲ್ಲದ್ದು ಏನೆಂದರೆ, ನಾನು ಎರಡನ್ನೂ ಹಾಕಿಸಿ ನೋಡಿದೆ. ಒಂದೇ ಬಚ್ಚಲು, ಮೊದಲು ಟಬ್, ಆಮೇಲೆ ಶವರ್. ಯಾಕೆ ಎಂದು ಹೇಳಬೇಕಾದರೆ ನಿನ್ನ ಭಾವನ ವಿಷಯ ಹೇಳದೆ ಆಗುವುದಿಲ್ಲ. ಇಷ್ಟು ದಿನ ನಾನು ಕಾಗದದಲ್ಲಿ "ಕಾಲು ಸ್ವಲ್ಪ ಸೋತಿದೆ" ಎಂದು ಬರೆದು ಬೇರೆ ವಿಷಯಕ್ಕೆ ಹಾರುತ್ತಿದ್ದೆ. ಕಾಲು ಸೋತಿರುವುದಲ್ಲ ಚಿನ್ನಿ. ನರದ ಕಾಯಿಲೆ. ಮೊದಲು ಕಾಲು, ಆಮೇಲೆ ಕೈ, ಆಮೇಲೆ ಗಂಟಲು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಔಷಧ ಇಲ್ಲ. "ನಿಧಾನ ಮಾಡೋಕೆ ಒಂದು ಮಾತ್ರೆ ಇದೆ, ಅಷ್ಟೇ" ಅಂದರು. ಮನೆಗೆ ಬರುವಾಗ ದಾರಿಯಲ್ಲಿ ನಿನ್ನ ಭಾವ ಹೇಳಿದ್ದು ಒಂದೇ ಮಾತು: "ಚಿನ್ನಿಗೆ ಹೇಳಬೇಡ. ಬಂದು ಅಳ್ತಾ ಕೂರ್ತಾಳೆ. ಅವಳನ್ನ ಸಮಾಧಾನ ಮಾಡೋ ಕೆಲಸವೂ ನನ್ನ ತಲೆಗೇ ಬರುತ್ತೆ." ಅವರ ಬಾಯಿ ನಿನಗೆ ಗೊತ್ತಲ್ಲ.

ನಮ್ಮ ಹಳೇ ಬಚ್ಚಲು ನಿನಗೆ ನೆನಪಿರಬೇಕು. ಬಾಗಿಲಲ್ಲೇ ಎತ್ತರದ ಹೊಸ್ತಿಲು, ಒಳಗೆ ಪಾಚಿ ಕಟ್ಟಿದ ಹಾಗೆ ಜಾರುವ ನೆಲ, ಒಂದು ಬಕೆಟ್ಟು. ಒಂದು ಬೆಳಿಗ್ಗೆ ಅವರು ಅಲ್ಲಿ ಬಿದ್ದರು. ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಅವತ್ತೇ ಬಚ್ಚಲು ಒಡೆಸುವುದೆಂದು ತೀರ್ಮಾನವಾಯಿತು. ಆದರೆ ಒಡೆಸಿ ಏನು ಹಾಕಿಸುವುದು? ಜಾಗ ಇದ್ದದ್ದು ಒಂದಕ್ಕೆ.

ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಒಬ್ಬಳು ಹುಡುಗಿ ಬರುತ್ತಿದ್ದಳು. ಅವಳು ನನ್ನದೇ ಹೊಲಿಗೆ ಟೇಪು ಇಸಕೊಂಡು ಬಚ್ಚಲನ್ನೆಲ್ಲ ಅಳೆದು, ಶವರ್ ಹಾಕಿಸಿ ಅಂದಳು. ಹೊಸ್ತಿಲು ತೆಗೆಸಿ ನೆಲ ಸಮ ಮಾಡಿಸಿ, ಗೋಡೆಗೆ ಮಡಚುವ ಕುರ್ಚಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ, ಕೈಗೆ ಸಿಗುವ ಹಾಗೆ ಶವರಿನ ಪೈಪು. ಗಾಲಿಕುರ್ಚಿ ಸೀದಾ ಒಳಗೆ ಹೋಗುತ್ತದೆ, ನಾನೊಬ್ಬಳೇ ಎಲ್ಲ ಮಾಡಬಹುದು ಎಂದು.

ಅವಳು ಹೋದ ಮೇಲೆ ನಿನ್ನ ಭಾವ, "ಹೌದೌದು, ಕೂರಿಸಿ ಪೈಪ್ ಹಿಡಿದು ಬಸ್ ತೊಳೆದ ಹಾಗೆ ತೊಳಿ" ಅಂದರು. ನನಗೆ ನಗು ಬಂತು. ಅವರು ನಗಲಿಲ್ಲ. ಅವರಿಗೆ ಟಬ್ ಬೇಕಿತ್ತು.

ಅದಕ್ಕೆ ಕಾರಣ ಇತ್ತು. ಆಸ್ಪತ್ರೆಯಲ್ಲಿ ಒಂದು ಸಲ ಅವರನ್ನು ಬೆಚ್ಚಗಿನ ನೀರಿನ ತೊಟ್ಟಿಗೆ ಇಳಿಸಿದ್ದರು. ನಾನು ದಂಡೆಯಲ್ಲಿ ಬಟ್ಟೆ ಹಿಡಿದುಕೊಂಡು ನಿಂತಿದ್ದೆ. ತಿಂಗಳುಗಟ್ಟಲೆ ಅಲ್ಲಾಡದೆ ಮರದ ತುಂಡಿನ ಹಾಗಿದ್ದ ಬಲಗಾಲು, ಆ ನೀರಿನಲ್ಲಿ ಮೆಲ್ಲಗೆ ಮೇಲೆ ಬಂತು. ಮಂಡಿ ನೀರಿಂದ ಆಚೆ ಕಂಡಿತು. "ನೋಡೇ, ಎದ್ದಿತು! ನಾನೇ ಎತ್ತಿದೆ!" ಎಂದು ಕೂಗಿದರು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೀರಿನಲ್ಲಿ ಯಾರ ಕಾಲಾದರೂ ತೇಲುತ್ತದೆ, ಅದು ನರದ ಬಲ ಅಲ್ಲ ಎಂದು ಆ ಹುಡುಗಿ ಆಮೇಲೆ ನನಗೊಬ್ಬಳಿಗೇ ಹೇಳಿದಳು. ನಾನು ಅದನ್ನು ಅವರಿಗೆ ಮುಟ್ಟಿಸಲಿಲ್ಲ. ಹೇಗೆ ಮುಟ್ಟಿಸಲಿ? ಆ ಮುಖ ನೀನು ನೋಡಬೇಕಿತ್ತು.

ಹಾಗಾಗಿ ಅವರ ಲೆಕ್ಕದಲ್ಲಿ ಟಬ್ ಎಂದರೆ ಗುಣವಾಗುವುದು, ಶವರ್ ಎಂದರೆ ಕುರ್ಚಿ, ಕುರ್ಚಿ ಎಂದರೆ ಇನ್ನು ಮುಗಿಯಿತು ಎಂದು ಒಪ್ಪಿಕೊಂಡ ಹಾಗೆ. ನಿನ್ನ ಹಾಗೂ ನಿನ್ನ ಯಜಮಾನರ ಹಾಗೆ ನಾವೂ ಜಗಳ ಆಡಿದೆವು. ನಾನು ಎತ್ತಲಾರೆ ಅಂದೆ. "ನೀನ್ಯಾಕೆ ಎತ್ತಬೇಕು, ಕೈ ಇದೆಯಲ್ಲ ನನಗೆ" ಅಂದರು. ಕೈ ಇತ್ತು, ಸುಳ್ಳಲ್ಲ. ಲಿಫ್ಟ್ ಕೂರಿಸುವ ಕೆಲಸದಲ್ಲಿ ಕಬ್ಬಿಣದ ಹಗ್ಗ ಎಳೆದೂ ಎಳೆದೂ ಗಟ್ಟಿಯಾದ ಕೈ ಅವು. ನಾನು ಸೋತೆ. ಆ ಹುಡುಗಿಗೆ ಹೇಳಿದಾಗ, "ಅಮ್ಮಾ, ಇಳಿಸೋದು ಸುಲಭ..." ಎಂದು ಶುರು ಮಾಡಿ, ನನ್ನ ಮುಖ ನೋಡಿ ವ್ಯಾಯಾಮ ಮಾಡಿಸಲು ಎದ್ದಳು.

ಟಬ್ ಬಂದ ದಿನ ಮನೆಯಲ್ಲಿ ಮದುವೆ ಗದ್ದಲ. ಬಾಗಿಲಲ್ಲಿ ಹಿಡಿಸಲಿಲ್ಲ, ಚೌಕಟ್ಟೇ ಬಿಚ್ಚಬೇಕಾಯಿತು. ಮೇಸ್ತ್ರಿ, ಪ್ಲಂಬರು, ಕೆಳಗಿನ ಮನೆಯ ಬೇಕರಿಯವರು ಮೂವರೂ ಹೊತ್ತು ಏದುಸಿರು ಬಿಡುತ್ತಿದ್ದರೆ ನಿನ್ನ ಭಾವ ಕೂತಲ್ಲಿಂದಲೇ, ಎಡಕ್ಕೆ ಓರೆ ಮಾಡಿ, ಟಬ್ಬಿನ ಮೂಗು ಮೇಲೆತ್ತಿ, ಇಳಿಸಿ ಇಳಿಸಿ ಎಂದು ಅಪ್ಪಣೆ ಕೊಡುತ್ತಿದ್ದರು. ಕೆಲಸಕ್ಕೆ ಹೋಗುತ್ತಿದ್ದ ಕಾಲದ ದನಿ ಅದು. ಎಷ್ಟೋ ದಿನದ ಮೇಲೆ ಕೇಳಿದೆ. ಆವತ್ತೇ ನಿನಗೆ ಟಬ್ ಹಾಕಿಸಿದೆವು ಎಂದು ಅಷ್ಟು ಸಂಭ್ರಮದಿಂದ ಬರೆದದ್ದು.

ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಅಂಚಿನ ಮೇಲೆ ಹಲಗೆ ಇಟ್ಟು, ಅದರ ಮೇಲೆ ಕೂತು ಸರಿದು, ಕೈಯೂರಿ ಇಳಿಯುತ್ತಿದ್ದರು. ಹಾಗೇ ಎದ್ದು ಬರುತ್ತಿದ್ದರು. ನೀರೊಳಗೆ ಕಾಲು ತೇಲಿದಾಗಲೆಲ್ಲ ನನ್ನನ್ನು ಕರೆದು ತೋರಿಸುವುದು. ನಾನು ಪರದೆ ಹೊಲಿಯುತ್ತಿದ್ದ ಮಿಷಿನ್ನು ಬಿಟ್ಟು ಎದ್ದು ಹೋಗಿ, ಹೌದಲ್ಲ, ನಿನ್ನೆಗಿಂತ ಮೇಲೆ ಬಂದಿದೆ ಎನ್ನುವುದು.

ಆಮೇಲೆ ಒಂದು ಮಧ್ಯಾಹ್ನ ಅವರು ಕೂಗಿದ ರೀತಿಯೇ ಬೇರೆಯಾಗಿತ್ತು. ಹೋಗಿ ನೋಡಿದರೆ ಅಂಚು ಹಿಡಿದ ಬೆರಳು ಒಂದೊಂದಾಗಿ ಬಿಟ್ಟುಕೊಳ್ಳುತ್ತಿದ್ದವು. ಕಂಕುಳಿಗೆ ಕೈ ಹಾಕಿ ಎಳೆದೆ. ಒದ್ದೆ ಮೈ, ಜಾರಿತು. ಮತ್ತೆ ಎಳೆದೆ, ನಾನೇ ಬಿದ್ದೆ. ನೀರು ಹೊರಗೆ ಬಿಟ್ಟರೆ ನಡುಗುತ್ತಾರೆ, ಬಿಡದಿದ್ದರೆ ಕುತ್ತಿಗೆ ನೀರೊಳಗೆ ಜಾರುತ್ತದೆ. ಬಿಸಿನೀರು ಹಾಕುವುದು, ತಣ್ಣಗಾಗುವುದು, ಮತ್ತೆ ಹಾಕುವುದು. ಯಾರನ್ನೂ ಕರೆಯಬೇಡ ಎಂದು ಆಣೆ ಹಾಕಿಸಿದರು. ನಡುವೆ ಒಮ್ಮೆ, "ಈ ಊರಿನ ಅರ್ಧ ಜನಾನ ಮೇಲೆ ಕೆಳಗೆ ಓಡಾಡಿಸಿದೋನು ನಾನು. ನನ್ನ ಎತ್ತೋಕೆ ಒಂದು ಲಿಫ್ಟ್ ಇಲ್ಲ ನೋಡು" ಎಂದು ನಗಿಸಲು ನೋಡಿದರು. ತುಟಿ ನೀಲಿಯಾಗಿತ್ತು ಚಿನ್ನಿ. ನಾನು ಆಣೆ ಮುರಿದೆ. ಮೆಟ್ಟಿಲಲ್ಲಿ ನಿಂತು ಕೂಗಿದೆ.

ಬೇಕರಿಯವರು ತಮ್ಮನನ್ನೂ ಕರೆದುಕೊಂಡು ಕೆಲಸ ಬಿಟ್ಟು ಹಾಗೇ ಓಡಿ ಬಂದರು. ನಾನು ಬೇಗಬೇಗ ಟವಲ್ ತಂದು ಸೊಂಟದ ಮೇಲೆ ಹಾಕಿದೆ. "ಅಲ್ಲಲ್ಲ, ಮುಖಕ್ಕೆ ಹಾಕು" ಅಂದರು ನಿನ್ನ ಭಾವ. ಮುಖಕ್ಕೇ ಹಾಕಿದೆ. ಇಬ್ಬರೂ ಎತ್ತಿ ಮಂಚಕ್ಕೆ ತಂದು ಮಲಗಿಸಿದರು. ಒಳ್ಳೆಯ ಜನ, ಎಲ್ಲೂ ನೋಡದೆ ಹೊರಟುಹೋದರು. ಅವರು ಹೋದ ಮೇಲೆ ಒರೆಸಲು ತಿರುಗಿಸಿದರೆ, ಬೆನ್ನ ಮೇಲೆ, ತೋಳ ಮೇಲೆ ಎಲ್ಲ ಮೈದಾಹಿಟ್ಟಿನ ಕೈಗುರುತು. ಒದ್ದೆಗೆ ಅಂಟಿಕೊಂಡು ಬಿಟ್ಟಿತ್ತು. ಎಷ್ಟು ಉಜ್ಜಿದರೂ ಹೋಗಲೊಲ್ಲದು. ನಿನ್ನ ಭಾವ ಮುಖದ ಮೇಲಿನ ಟವಲ್ ತೆಗೆಯಲು ಬಿಡಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ತಾವಾಗಿ, "ಟಬ್ಬಿಂದೇನೂ ತಪ್ಪಿಲ್ಲ. ಕೈಗೆ ಸ್ವಲ್ಪ ಬಲ ಬರಲಿ, ಮತ್ತೆ ಇಳಿಯೋಣ" ಅಂದರು. ಮಂಚದ ಕಂಬಕ್ಕೆ ರಬ್ಬರ್ ಪಟ್ಟಿ ಕಟ್ಟಿಸಿಕೊಂಡು ಎಳೆಯಲು ಶುರು ಮಾಡಿದರು. ಮೊದಲು ಮೊಣಕೈವರೆಗೆ ಬರುತ್ತಿತ್ತು. ಆಮೇಲೆ ಅಲ್ಲಾಡುತ್ತಿತ್ತು. ಆಮೇಲೆ ಬರೀ ಹಿಡಿದುಕೊಂಡಿರುತ್ತಿದ್ದರು.

ಚಳಿ ಶುರುವಾದಾಗ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರು ಅಲ್ಲಿದ್ದಾಗಲೇ ನಾನು ಮೇಸ್ತ್ರಿಯನ್ನು ಕರೆಸಿದೆ. ಮನೆಗೆ ಬಂದ ಮೇಲೆ ಅವರಿಗೆ ಒಂದು ನೆಮ್ಮದಿಯ ಸ್ನಾನ ಆಗಲಿ ಎಂದು ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಟಬ್ಬನ್ನು ಹಾಗೇ ಆಚೆ ಸಾಗಿಸಲು ಆಗಲಿಲ್ಲ, ಸುತ್ತಿಗೆಯಲ್ಲಿ ಒಡೆದು ಚೂರು ಮಾಡಿ ಗೋಣಿಯಲ್ಲಿ ತುಂಬಿ ಇಳಿಸಿದರು. ಆ ಹುಡುಗಿ ಮೊದಲೇ ಹೇಳಿದ ಹಾಗೆ ಎಲ್ಲ ಆಯಿತು. ನೆಲ ಸಮ, ಕಂಬಿ, ಕುರ್ಚಿ, ಪೈಪು. ಪ್ಲಂಬರು ನೀರು ಬಿಟ್ಟು ತೋರಿಸಿದಾಗ ನಾನು ಅಂಗೈ ಒಡ್ಡಿ ನೋಡಿದೆ. ಹದವಾಗಿ, ನೋವಾಗದ ಹಾಗೆ ಬೀಳುತ್ತಿತ್ತು. ಇದನ್ನು ಮೊದಲೇ ಹಾಕಿಸಿದ್ದಿದ್ದರೆ ಎಂದುಕೊಂಡೆ. ಮೊದಲೇ ಹಾಕಿಸಿದ್ದರೆ ಆ ತೇಲಿದ ಕಾಲಿನ ಒಂದಷ್ಟು ದಿನವೂ ಇರುತ್ತಿರಲಿಲ್ಲ ಎಂದೂ ಅಂದುಕೊಂಡೆ. ಯಾವುದು ಸರಿ ಎಂದು ಈಗಲೂ ನನಗೆ ಗೊತ್ತಿಲ್ಲ.

ಅವರು ಮನೆಗೆ ಬಂದರು. ಆದರೆ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಆ ಕುರ್ಚಿಯಲ್ಲಿ ಕೂರಿಸುವ ಹಾಗಿಲ್ಲ, ಮುಖದ ಮೇಲೆ ಒಂದು ಹನಿ ಬಿದ್ದರೆ ಉಸಿರಿಗೆ ಸಿಕ್ಕಿಕೊಳ್ಳುತ್ತದೆ. ಆ ಹುಡುಗಿ ನೋಡಿ, "ಇನ್ನು ಮಂಚದ ಮೇಲೇ ಒರೆಸಿಬಿಡಿ ಅಮ್ಮಾ" ಅಂದಳು. ಅವತ್ತಿಂದ ಬೋಗುಣಿ, ಬಿಸಿನೀರು, ಎರಡು ಬಟ್ಟೆ. ಬೆಳಿಗ್ಗೆ ಎದೆ, ಕೈ, ಬೆನ್ನು. ಸಾಯಂಕಾಲ ಕಾಲು. ಕಾಲೊರೆಸುವಾಗ ಅವರು ನೋಡುತ್ತಾರೆ, ಅದು ಮೇಲೆ ಬರುತ್ತದೆಯೋ ಎಂದು.

ಮಾತು ಈಗ ಹೆಚ್ಚುಕಡಿಮೆ ಹೋಗಿದೆ. ದನಿ ಬರುತ್ತದೆ, ಅಕ್ಷರ ಬರುವುದಿಲ್ಲ. ನನಗೊಬ್ಬಳಿಗೆ ಅರ್ಥವಾಗುತ್ತದೆ, ಅದೂ ಅರ್ಧ. ಡಾಕ್ಟರು ಈಗ ಮುಂದಿನ ಸಲ ಯಾವಾಗ ಬರಬೇಕೆಂದು ಹೇಳುವುದನ್ನೇ ಬಿಟ್ಟಿದ್ದಾರೆ.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ. ನೀವಿಬ್ಬರೂ ಮುಖ ಊದಿಸಿಕೊಂಡ ಕಡೆ ಬಾಯಿ ಓರೆ ಮಾಡಿದರು, ಅದು ಅವರ ನಗು. ಚಿನ್ನಿಗೆ ಈಗಲಾದರೂ ಹೇಳಲಾ ಎಂದು ಕೇಳಿದೆ. ಕಣ್ಣು ಮುಚ್ಚಿ ತೆರೆದರು. ಹೌದು ಎನ್ನುವುದಕ್ಕೆ ನಾವು ಹಾಗೆ ಇಟ್ಟುಕೊಂಡಿದ್ದೇವೆ. ಅದಕ್ಕೇ ಬರೆಯುತ್ತಿದ್ದೇನೆ. ಬಾ. ಬೇಗ ಬಾ. ಬಂದು ಅಳುತ್ತೀಯ, ಗೊತ್ತು, ಅಳು. ಸಮಾಧಾನ ಮಾಡುವವರು ಮಾತ್ರ ಈ ಮನೆಯಲ್ಲಿ ಯಾರೂ ಉಳಿದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಬೇಕಲ್ಲ. ನಿನಗೆ ಬೇಕಾದ್ದನ್ನೇ ಹಾಕಿಸಿಕೋ. ಇಬ್ಬರಿಗೂ ಕೈಕಾಲು ಗಟ್ಟಿಯಾಗಿದೆ. ಯಾವುದನ್ನು ಹಾಕಿಸಿದರೂ ಮೈಗೆ ನೀರು ಬೀಳುತ್ತದೆ. ಇದಕ್ಕಾಗಿ ಇನ್ನೊಂದು ದಿನ ಮಾತು ಬಿಡಬೇಡಿ.

ನಿನ್ನ
ಅಕ್ಕ

ಮರೆತಿದ್ದೆ: ಬಂದಾಗ ಬಚ್ಚಲುಮನೆಯ ಬಾಗಿಲು ತೆರೆದಿಡಬೇಡ, ಅವರ ಮಂಚಕ್ಕೆ ನೇರ ಕಾಣುತ್ತದೆ. ಟಬ್ ಒಡೆಸಿದ್ದು ಅವರಿಗೆ ಗೊತ್ತಿಲ್ಲ. ಈಗಲೂ ದಿನಾ ಬೆಳಿಗ್ಗೆ ಆ ಬಾಗಿಲ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡುತ್ತಾರೆ. ಗೀಸರ್ ಕೆಟ್ಟಿದೆ, ರಿಪೇರಿಯವರು ನಾಳೆ ಬರುತ್ತಾರಂತೆ ಎನ್ನುತ್ತೇನೆ. ಮೊನ್ನೆ ಬಹಳ ಕಷ್ಟಪಟ್ಟು ಏನೋ ಹೇಳಿದರು, ತಿರುಗಿ ತಿರುಗಿ ಕೇಳಿದ ಮೇಲೆ ಅರ್ಥವಾಯಿತು: ಫ್ಯೂಸ್ ನೋಡು. ನೋಡಿದೆ, ಅದಲ್ಲವಂತೆ ಅಂದೆ. ನಿನ್ನನ್ನು ಕೇಳಿದರೆ ನೀನೂ ನಾಳೆ ಎನ್ನು.