ಹಿಂದಿನ ಕ್ಯಾರಿಯರ್

ಹೊಸಕೆರೆಹಳ್ಳಿ
೧೭ ಜುಲೈ ೨೦೨೪

ಚಿರಂಜೀವಿ ಮಯೂರನಿಗೆ ಲಕ್ಕವ್ವ ಮಾಡುವ ಆಶೀರ್ವಾದ, ಸದ್ಯಕ್ಕೆ.

ನಾನು ಗಟ್ಟಿಯಾಗಿದ್ದೇನೆ. ಕೋಪ ಇಳಿದ ಮೇಲೆ ಬರೆಯೋಣವೆಂದು ಕಾದೆ, ಇಳಿಯಲಿಲ್ಲ. ತಡವಾದದ್ದಕ್ಕೆ ಕ್ಷಮಿಸು. ಫೋನಿನಲ್ಲಿ ಬೈದರೆ "ಅಜ್ಜಿ, ಸಿಗ್ನಲ್ ಇಲ್ಲ" ಅನ್ನುತ್ತೀಯ. ಕಾಗದಕ್ಕೆ ಸಿಗ್ನಲ್ ಬೇಡ, ಪೂರ್ತಿ ಓದು.

ತಾತನ ರೇಸ್ ಸೈಕಲ್ಲಿನ ಹುಟ್ಟು ಪತ್ತೆ ಮಾಡಿಸುತ್ತೇನೆಂದು ಒಯ್ದೆಯಲ್ಲ, ಸುದ್ದಿಯೇ ಇಲ್ಲದ್ದಕ್ಕೆ ಆಟೋ ಹಿಡಿದು ಜಯನಗರದ ಸೈಕಲ್ ಅಂಗಡಿಗೆ ನಾನೇ ಹೋದೆ. ಹಳೇ ಸೈಕಲ್ ಪಂಡಿತನೆಂದು ನೀನು ಹೊಗಳುವ ಆ ಜಯಸಿಂಹ, ಅದನ್ನು ತಲೆಕೆಳಗು ಮಾಡಿ, ಪೆಡಲ್ ತಿರುಗುವ ಕಡೆ ಬಣ್ಣ ಕೆರೆದು, ಭೂತಗನ್ನಡಿ ಹಿಡಿದು ನಂಬರು ಓದುತ್ತಿದ್ದ. ಹೆಣ್ಣು ನೋಡಲು ಬಂದವರೂ ಅಷ್ಟು ಕೆದಕುವುದಿಲ್ಲ.

"ಫ್ರೇಮ್ ಇಂಗ್ಲೆಂಡಿಂದು ಅಜ್ಜಿ, ಅರವತ್ತೆರಡನೇ ಇಸವೀದು. ಹ್ಯಾಂಡಲ್, ಬ್ರೇಕು, ಗೇರು ಎಲ್ಲಾ ಅದರ ಜೊತೇಲೇ ಬಂದಿರೋವು. ಸೀಟು ಇಲ್ಲಿಂದು, ಬದಲಾಯಿಸ್ತೀನಿ. ಈ ಕ್ಯಾರಿಯರ್ ಮಾತ್ರ ಅಸಹ್ಯ. ರೇಸ್ ಗಾಡಿಗೆ ಯಾರೋ ತಲೆ ಇಲ್ದೋರು ವೆಲ್ಡ್ ಮಾಡ್ಸಿದ್ದಾರೆ" ಅಂದ.

"ಮಾಡ್ಸಿದೋರು ನಮ್ಮನೆ ಗೋಡೆ ಮೇಲೆ ಹಾರ ಹಾಕ್ಕೊಂಡವ್ರೆ. ಅದರ ಮೇಲೆ ಕೂತಿದ್ದೋಳು ನಿನ್ನ ಮುಂದೆ ನಿಂತವಳೆ" ಅಂದೆ.

ನಾನು ಮದುವೆಯಾಗಿ ಬಂದಾಗ ಆ ಸೈಕಲ್ಲಿನಲ್ಲಿ ಇನ್ನೊಬ್ಬರು ಕೂರಲು ಜಾಗವಿರಲಿಲ್ಲ. "ನಾನೇನು ಹಿಂದೆ ಓಡಿ ಬರಬೇಕಾ?" ಎಂದು ಕೇಳಿದೆ. ನಿಮ್ಮ ತಾತ ಹೋಗಿ ಕ್ಯಾರಿಯರ್ ಬೆಸೆಸಿಕೊಂಡು ಬಂದರು. ಅಲ್ಲಿಗೆ ರೇಸು ಮುಗಿಯಿತು. ನಿಮ್ಮಪ್ಪ ಚಿದಾನಂದನಿಗೆ ಜ್ವರ ಏರಿದಾಗ ಅವನನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಹೋದದ್ದೂ ಅದರ ಮೇಲೆಯೇ. ಇದು ಯಾವ ನಂಬರಿನಲ್ಲಿ ಬರೆದಿದೆಯೋ ನಿನ್ನ ಪಂಡಿತನನ್ನು ಕೇಳು.

"ನಿಮ್ ಮೊಮ್ಮಗ ಎಗ್ಸಿಬಿಷನ್‌ಗೆ ಇಡ್ತಾರಂತೆ. ಎಲ್ಲಾ ಒರಿಜಿನಲ್ ಇರ್ಬೇಕು, ಆಮೇಲೆ ಹಾಕಿದ್ದು ಯಾವ್ದೂ ಇರ್ಬಾರ್ದು" ಅಂದ. ನಾನು ಸೈಕಲ್ ಹಿಡಿದು ನೆಲದ ಮೇಲೆ ಕೂತೆ. ಅವನು ನಿನಗೆ ಫೋನ್ ಮಾಡಿದ. ಫೋನ್ ಮುಗಿದ ಮೇಲೆ ನಾನೇ ಎದ್ದು ದಾರಿ ಬಿಟ್ಟೆ. ಕತ್ತರಿಸಿದ.

ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ. "ಏನಮ್ಮಾ, ತಿಲಕ್ ನಗರದ ಗುಜರಿಗಾ?" ಅಂದ ಆಟೋದವನಿಗೆ ನಿನಗೆ ಬೀಳಬೇಕಾದ ಬೈಗುಳ ಬಿತ್ತು.

ನಿನ್ನ ಪ್ರದರ್ಶನ ಮುಗಿದ ಮೇಲೆ ಸೈಕಲ್ ತಂದು ನನ್ನ ಕಣ್ಣೆದುರಿಗೇ ಇದನ್ನು ಬೆಸೆಸು. ಆಗದಿದ್ದರೆ ಸೈಕಲ್ಲೂ ಬೇಡ, ನೀನೂ ಬರಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಬಾಳು, ಅಷ್ಟರಲ್ಲಿ ಬುದ್ಧಿ ಬರಲಿ.

ಇಂತಿ,
ಲಕ್ಕವ್ವ

ಮರೆತದ್ದು: ಜಯಸಿಂಹ ಫೋನನ್ನು ಸ್ಪೀಕರಿಗೆ ಹಾಕಿದ್ದ. "ಅವ್ರು ನಮ್ ಒರಿಜಿನಲ್ ಅಜ್ಜಿ ಅಲ್ಲ ಸಾರ್, ತಾತಂಗೆ ಎರಡನೇ ಹೆಂಡ್ತಿ. ನೀವು ಕಟ್ ಮಾಡಿ" ಎಂದು ನೀನು ಅಂದದ್ದು ನನಗೂ ಕೇಳಿಸಿತು. ಪಾಪ, ಅವನೇ ತಲೆ ತಗ್ಗಿಸಿದ. ನೀನು ಹೇಳಿದ್ದು ಸುಳ್ಳಲ್ಲ. ಆದರೆ ನಿಮ್ಮಪ್ಪನ ಮುಂದೆ ಆ ಮಾತು ಆಡಬೇಡ. ಹೆತ್ತವಳು ಹೋದಾಗ ಅವನು ತೊಟ್ಟಿಲಲ್ಲಿದ್ದ. ಅವನಿಗೆ ಗೊತ್ತಿರುವ ಅಮ್ಮ ನಾನೊಬ್ಬಳೇ.