ಸಿಡಿಲಣ್ಣ ತಡಾ ಮಾಡಿ ಬರ್ತಾನ

ನಾಚಾರಂ
ಭಾನುವಾರ

ಅಪ್ಪಾ, ನಮಸ್ಕಾರ್ರಿ.

ನಿಮ್ಮ ಸಿಡಿಲಣ್ಣನ ಹೊಸ ಕಾಮಿಕ್ಸ್ ಅಂತ ನಾನು ಚಿತ್ರ ಬರದ ಪುಟ ನೀವು ವಾಪಸ್ ಕಳಿಸಿದ್ರಿ, ಮುಟ್ಟಿದ್ವು. "ನನ್ನ ಹೀರೋನ ಮಾರಿಗೆ ಮಸಿ ಬಳದಿ" ಅಂತ ಬರದೀರಿ. ಹೌದ್ರಿ, ಬಳದೀನಿ. ಅಳಸಂಗಿಲ್ಲ.

ನಿಮ್ಮ ಕಾಮಿಕ್ಸಿನಾಗ ಅವ ಎಂದೂ ತಡಾ ಮಾಡಲಿಲ್ಲ. ಎಲ್ಲಾರನ್ನೂ ಉಳಿಸಿ, ಕೊನೀ ಚಿತ್ರದಾಗ ಯಾರದರೆ ಮನ್ಯಾಗ ಆ ಮನಿ ಅವ್ವ ಬಡದ ರೊಟ್ಟಿ ಉಣ್ಣಾಕ ಕುಂದರತಿದ್ದ. ಜೀಡಿಮೆಟ್ಲಾದ ಫ್ಯಾಕ್ಟರಿಗೆ ಬೆಂಕಿ ಬಿದ್ದಾಗ ನಮ್ಮವ್ವ ಒಳಗಿದ್ದಳು. ನಾನು ಮಾಳಗಿ ಮ್ಯಾಲೆ ನಿಂತು ಸಿಡಿಲಣ್ಣನ ದಾರಿ ಕಾದೆ. ಅದಕ್ಕ ನನ್ನ ಸಿಡಿಲಣ್ಣ ತಡಾ ಮಾಡಿ ಬರ್ತಾನ. ಓದೋ ಹುಡುಗರಿಗೆ ನಾನು ಸುಳ್ಳು ಹೇಳಂಗಿಲ್ಲ.

ಕೊನೀ ರೊಟ್ಟಿ ಚಿತ್ರ ಬಿಡಬ್ಯಾಡ ಅಂದೀರಿ. ಬಿಟ್ಟಿಲ್ಲ. ಈ ಸಲ ತಾಯಿ ಇಲ್ಲದ ಹುಡುಗಿಗೆ ಅವ ಸ್ವತಃ ರೊಟ್ಟಿ ಬಡಿತಾನ. ಒಂದೂ ದುಂಡಗಿಲ್ಲ, ಅಂಚೆಲ್ಲಾ ಸುಟ್ಟಾವು. ಅವ್ವ ಹೋದ ಮ್ಯಾಲೆ ನೀವು ಮೊದಲ ಸಲ ಬಡದ ರೊಟ್ಟಿನೂ ಹಂಗ ಇದ್ವು.

ಮುಖವಾಡ, ಒಲಿ, ಹುಡುಗಿ ಎಲ್ಲಾ ಬರದೀನಿ. ಹಿಟ್ಟು ಬಡಿಯೋ ಕೈ ಮಾತ್ರ ನನಗ ಬರಿಯಾಕ ಬರವಲ್ದು. ಆ ಜಾಗಾ ಖಾಲಿ ಬಿಟ್ಟು ಪುಟ ಮತ್ತ ಕಳಸಾಕತ್ತೀನಿ. ಸಿಟ್ಟಿದ್ರ ಇರಲಿ, ನಿಮ್ಮ ಕೈ ನೋಡಕೊಂಡು ಬರದು ಕಳಸ್ರಿ.

ನಿಮ್ಮ ಮಗಳು
ಸ್ನೇಹಲತಾ