ಸಮಯ ಬರೆಯುವವರ ಕುರ್ಚಿ

ಮಾನ್ಯ ಕುಶಾಲಪ್ಪ ಮಾಸ್ಟ್ರೇ,

ಭಾನುವಾರ ಸಂಪಾಜೆಯಿಂದ ಸುಳ್ಯಕ್ಕೆ ಇಪ್ಪತ್ತೊಂದು ಕಿಲೋಮೀಟರ್ ಓಡಿ ಮುಗಿಸಿದ ನನ್ನನ್ನು ನಿಮ್ಮ ಸಮಿತಿಯ ಪಟ್ಟಿ 'ಪೂರ್ಣಗೊಳಿಸಿಲ್ಲ' ಎನ್ನುತ್ತದೆ. ಮೂರು ಗಂಟೆಯ ಗಡುವಿಗೆ ಎಂಟು ನಿಮಿಷ ಮೊದಲೇ ಬಂದಿದ್ದೆ. ಸಮಯ ಬರೆಯಬೇಕಾದವರನ್ನು ನೀವು ವಂದನಾರ್ಪಣೆಗೆಂದು ವೇದಿಕೆಗೆ ಕರೆಸಿಕೊಂಡಿದ್ದಿರಿ; ಮುಖ್ಯ ಅತಿಥಿಗಳಿಗೆ ಅವಸರವಂತೆ.

ದಾರಿಯುದ್ದಕ್ಕೂ ಸ್ಕೂಟರಿನಲ್ಲಿ ನೀರು ತಂದ ಗೆಳತಿ ಶೀಲಾವತಿ, ಸಮಯ ಬರೆಯುವವರ ಖಾಲಿ ಕುರ್ಚಿಗೆ ತನ್ನ ಶಾಲಿನ ಒಂದು ತುದಿ ಕಟ್ಟಿ, ಇನ್ನೊಂದನ್ನು ಹಿಡಿದು, "ಬಾ ಮಾರಾಯ್ತಿ, ರಿಬ್ಬನ್ ಉಂಟು!" ಎಂದು ಕೂಗಿದಳು. ಜೊತೆಗಿದ್ದ ಇನ್ನೊಬ್ಬ ಗೆಳತಿ ನಶೀದಾ ವಿಡಿಯೊ ಮಾಡಿದಳು.

ಮೂವತ್ತೈದು ವರ್ಷದ ಹಿಂದೆ, "ಹುಡುಗಿಯರಿಗೆ ನಾನೂರು ಮೀಟರ್ ಸಾಕು" ಎಂದು ಶಾಲೆಯ ದೂರದ ಓಟದ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದವರೂ ನೀವೇ. ಆಗ ಸುಮ್ಮನಿದ್ದೆ.

ಪದಕ ಬೇಡ. ಎರಡು ಗಂಟೆ ಐವತ್ತೆರಡು ನಿಮಿಷ ಎಂದು ಬರೆಯಿರಿ. ವಿಡಿಯೊದಲ್ಲಿ ನಾನು ಗೆರೆ ದಾಟುವಾಗ ನಿಮ್ಮ ಮೈಕಿನಲ್ಲಿ, "ಎಲ್ಲರೂ ಓಡಿ ಮುಗಿಸಿದ್ದಾರೆ, ನಮಸ್ಕಾರ" ಎನ್ನುವುದು ಕೇಳಿಸುತ್ತದೆ.

ಇತಿ,
ಸುಹರಾ, ಅಜ್ಜಾವರ